ದೂರದ ದಯೆಯೂ ಬಾಗಿಲ ನಾಯಿಯೂ

ಹಿಂಗಾರಿನ ಸುಗ್ಗಿ ತೀರಿದ ತರುವಾಯ ಯಲಬುರ್ಗಾ, ಕುಷ್ಟಗಿ ತಾಲೂಕುಗಳ ಎರೆಭೂಮಿಯ ಊರುಗಳಲ್ಲಿ ಒಂದರ ಹಿಂದೊಂದು ಬಾಗಿಲಿಗೆ ಬೀಗ ಬೀಳುವ ನೋಟವು ಈ ಸೀಮೆಯ ವಾಚಕರಿಗೆ ಹೊಸದಲ್ಲ. ಮಳೆಯೊಂದನ್ನೇ ನಂಬಿದ ರೈತರೂ ಕೂಲಿಕಾರರೂ ಗಂಟುಮೂಟೆ ಕಟ್ಟಿಕೊಂಡು ಗೋವೆಗೋ, ಮಂಗಳೂರಿಗೋ, ಬೆಂಗಳೂರಿಗೋ ಗುಳೆ ಹೋಗುತ್ತಾರೆ. ಎತ್ತುಗಳಿದ್ದರೆ ಬೀಗರ ಕೊಟ್ಟಿಗೆಗೆ ಸೇರುತ್ತವೆ. ಆಡುಕುರಿಗಳು ಸಂತೆಗೆ ಸಾಗುತ್ತವೆ. ಮುದುಕರು ಕಟ್ಟೆಯ ಮೇಲೆ ಉಳಿಯುತ್ತಾರೆ. ಅವರೊಡನೆ ಉಳಿಯತಕ್ಕ ಇನ್ನೊಂದು ಜೀವವೆಂದರೆ ನಾಯಿ. ಅದನ್ನು ಯಾರೂ ಕೊಂಡು ತಂದದ್ದಲ್ಲ, ಆದಕಾರಣ ಮಾರುವವರಿಲ್ಲ. ಯಾರೂ ಕಟ್ಟಿ ಸಾಕಿದ್ದಲ್ಲ, ಆದಕಾರಣ ಬಿಚ್ಚಿ ಇನ್ನೊಬ್ಬರಿಗೆ ಒಪ್ಪಿಸುವವರೂ ಇಲ್ಲ. ದಿನಕ್ಕೆ ಅರ್ಧ ರೊಟ್ಟಿಯ ಋಣಕ್ಕಾಗಿ ಆ ಹೊಸ್ತಿಲನ್ನು ಕಾಯ್ದ ಪ್ರಾಣಿಯು ಬೀಗ ಬಿದ್ದ ಹೊಸ್ತಿಲನ್ನೂ ಕೆಲವು ದಿನ ಕಾಯುತ್ತದೆ. ಬಳಿಕ ಹಸಿವೆಯು ಅದನ್ನು ಬೇರೆ ಓಣಿಗೆ ಎಬ್ಬಿಸಿಕೊಂಡು ಹೋಗುತ್ತದೆ.

ಆ ಮನೆಯವರು ಗೋವೆಯಲ್ಲಿ ಇಟ್ಟಂಗಿ ಹೊರುತ್ತಿರುವ ಕಾಲಕ್ಕೆ ಅದೇ ಗೋವೆಗೆ ಬೇರೊಂದು ಬಗೆಯ ಯಾತ್ರಿಕರು ಬಂದಿಳಿಯುತ್ತಾರೆ. ಇವರು ಇಂಗ್ಲೆಂಡ ಮೊದಲಾದ ದೇಶಗಳ ಪಶುವೈದ್ಯರು, ಪಶುವೈದ್ಯ ವಿದ್ಯಾರ್ಥಿಗಳು, ವೈದ್ಯವನ್ನು ಕಲಿಯದಿದ್ದರೂ ಸೇವೆಮಾಡಬೇಕೆಂದು ಹೊರಟ ತರುಣ ತರುಣಿಯರು. 2003ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್ ಎಂಬ ಸಂಸ್ಥೆಯು ಗೋವೆಯಲ್ಲಿಯೂ ನೀಲಗಿರಿಯ ಊಟಿಯಲ್ಲಿಯೂ ಶಿಕ್ಷಣ ಕೇಂದ್ರಗಳನ್ನು ತೆರೆದು, ಬೀದಿನಾಯಿಗಳಿಗೆ ಸಂತಾನಶಕ್ತಿಹರಣದ ಶಸ್ತ್ರಚಿಕಿತ್ಸೆಯನ್ನು ನಡೆಸುತ್ತ, ಹಾಗೆಯೇ ಅದನ್ನು ಕಲಿಸುತ್ತ ಬಂದಿದೆ. ಬರುವವರು ತಮ್ಮ ಖರ್ಚಿನಿಂದ ಬರುತ್ತಾರೆ, ಕೆಲವು ವಾರ ದುಡಿಯುತ್ತಾರೆ, ಹೋಗುತ್ತಾರೆ. ಹೀಗೆ ಒಬ್ಬನು ತನ್ನ ಬಾಗಿಲ ನಾಯಿಯನ್ನು ಬಿಟ್ಟು ಗೋವೆಗೆ ಬಂದಿದ್ದಾನೆ. ಇನ್ನೊಬ್ಬಳು ಪರರ ಬಾಗಿಲ ನಾಯಿಗಾಗಿ ಸಮುದ್ರವನ್ನು ದಾಟಿ ಗೋವೆಗೆ ಬಂದಿದ್ದಾಳೆ. ಇವರಿಬ್ಬರನ್ನು ತಕ್ಕಡಿಯಲ್ಲಿಟ್ಟು ಒಬ್ಬನನ್ನು ನಿರ್ದಯನೆಂದೂ ಇನ್ನೊಬ್ಬಳನ್ನು ಕರುಣಾಳುವೆಂದೂ ತೂಗಿಬಿಡುವದು ಸುಲಭವು, ಆದರೆ ಅನ್ಯಾಯವು. ಹೊಟ್ಟೆಗಾಗಿ ಊರು ಬಿಟ್ಟವನಿಗೂ ಹೊಟ್ಟೆ ತುಂಬಿದ ಮೇಲೆ ಊರು ಬಿಟ್ಟವಳಿಗೂ ಒಂದೇ ಅಳತೆಗೋಲು ಸಲ್ಲುವದಿಲ್ಲ. ಆದರೂ ಇಬ್ಬರ ನಡುವೆ ನಿಂತ ನಾಯಿಯು ಒಂದು ಪ್ರಶ್ನೆಯನ್ನು ಕೇಳುತ್ತಿದೆ. ಪ್ರಾಣಿಯ ಸಂತಾನವನ್ನು ಅದರ ಹಿತಕ್ಕೆಂದೇ ತಡೆಯುವದು ಧರ್ಮವೋ ಹಿಂಸೆಯೋ? ಧರ್ಮವೇ ಆದಲ್ಲಿ ಅದು ಯಾರ ಧರ್ಮವು, ದೂರದಿಂದ ಬಂದವರದೋ ಹತ್ತಿರವಿರುವವರದೋ?

ಕಾರ್ಯದ ಸ್ವರೂಪವನ್ನರಿಯದೆ ಅದರ ಧರ್ಮಾಧರ್ಮಗಳನ್ನು ವಿಚಾರಿಸುವದು ಯುಕ್ತವಲ್ಲ. ಬೀದಿಯ ನಾಯಿಯನ್ನು ಬಲೆಯಿಂದ ಹಿಡಿದು, ಹಿಡಿದ ಓಣಿಯ ಹೆಸರನ್ನು ಬರೆದುಕೊಂಡು ಆಸ್ಪತ್ರೆಗೆ ತರುತ್ತಾರೆ; ಶಸ್ತ್ರಕ್ಕೆ ಮುನ್ನ ಉಪವಾಸವಿಡುತ್ತಾರೆ; ಮತ್ತಿನ ಔಷಧವನ್ನು ಕೊಟ್ಟು, ಹೆಣ್ಣಾದರೆ ಅಂಡಾಶಯಗಳನ್ನೂ ಗರ್ಭಕೋಶವನ್ನೂ, ಗಂಡಾದರೆ ವೃಷಣಗಳನ್ನೂ ತೆಗೆದು ಹೊಲಿಗೆ ಹಾಕುತ್ತಾರೆ; ಹುಚ್ಚುನಾಯಿ ರೋಗದ ಲಸಿಕೆಯನ್ನು ಚುಚ್ಚುತ್ತಾರೆ; ಗುರುತಿಗಾಗಿ ಕಿವಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಮಾಡುತ್ತಾರೆ. ಗಾಯವು ಕೂಡುವವರೆಗೆ ಕೆಲವು ದಿನ ಇಟ್ಟುಕೊಂಡು, ತಂದ ಓಣಿಗೇ ಮರಳಿ ಬಿಡುತ್ತಾರೆ. ಅಲ್ಲಿಗೇ ಬಿಡುವದಕ್ಕೆ ಕಾರಣವುಂಟು. ನಾಯಿಯು ತನ್ನ ಓಣಿಯನ್ನು ರಾಜ್ಯದಂತೆ ಆಳುವ ಪ್ರಾಣಿ. ಒಂದು ಓಣಿಯ ನಾಯಿಗಳನ್ನು ಕೊಂದರೆ ಇಲ್ಲವೆ ಸಾಗಿಸಿದರೆ, ಆ ತೆರವಾದ ರಾಜ್ಯಕ್ಕೆ ಪಕ್ಕದ ಓಣಿಯವು ನುಗ್ಗುತ್ತವೆ. ಬಂದವು ಲಸಿಕೆ ಕಾಣದವು, ಸಂತಾನಶಕ್ತಿಯುಳ್ಳವು. ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುತ್ತದೆ.

ಈ ಕ್ರಮವು ಪರದೇಶದಿಂದ ಬಂದ ಹೊಸ ಹವ್ಯಾಸವೆಂದು ಭಾವಿಸುವವರಿದ್ದಾರೆ, ಅದು ತಪ್ಪು. ಮದ್ರಾಸಿನ ಬ್ಲೂ ಕ್ರಾಸ್ ಸಂಸ್ಥೆಯು 1964ರಲ್ಲಿಯೇ ಇದನ್ನು ಆರಂಭಿಸಿತ್ತು. ಅಲ್ಲಿಯ ನಗರಸಭೆಯು ನಾಯಿಗಳನ್ನು ಕೊಲ್ಲುವದನ್ನು ಬಿಟ್ಟು ಇದನ್ನು ಒಪ್ಪಿಕೊಳ್ಳಲು 1996ರ ವರೆಗೆ ಕಾಯಬೇಕಾಯಿತು. 2001ರಲ್ಲಿ ಕೇಂದ್ರ ಸರಕಾರವು ಇದಕ್ಕೆ ನಿಯಮಗಳನ್ನು ಮಾಡಿತು, 2023ರಲ್ಲಿ ಅವುಗಳ ಸ್ಥಾನದಲ್ಲಿ ಬೇರೆ ನಿಯಮಗಳನ್ನು ತಂದಿತು. ಜಯಪುರದಲ್ಲಿ 1994ರ ನವೆಂಬರದಿಂದ 2002ರ ಕೊನೆಯ ವರೆಗೆ 24,986 ನಾಯಿಗಳಿಗೆ ಚಿಕಿತ್ಸೆಯಾಯಿತೆಂದೂ, ಆ ಪ್ರದೇಶದಲ್ಲಿ ನಾಯಿಗಳ ಸಂಖ್ಯೆಯು ನೂರಕ್ಕೆ 28ರಷ್ಟು ಇಳಿಯಿತೆಂದೂ, ಅಲ್ಲಿ ಮನುಷ್ಯರಿಗೆ ಹುಚ್ಚುನಾಯಿ ರೋಗ ತಗಲುವದು ನಿಂತಿತೆಂದೂ 2006ರಲ್ಲಿ ಪ್ರಕಟವಾದ ವೈದ್ಯವರದಿಯು ತಿಳಿಸುತ್ತದೆ. ಎಂಟು ವರುಷ, ಇಪ್ಪತ್ತೈದು ಸಾವಿರ ಶಸ್ತ್ರಚಿಕಿತ್ಸೆ, ಕಾಲುಭಾಗಕ್ಕಿಂತ ತುಸು ಹೆಚ್ಚು ಇಳಿತ! ಎರಡು ವಾರದ ಶಿಬಿರದಿಂದ ಊರು ನಿರ್ನಾಯಿಯಾಗುವದೆಂದು ನಿರೀಕ್ಷಿಸುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಡುವದು ಒಳಿತು. ರೋಗದ ವಿಷಯದಲ್ಲಿ ಕತ್ತರಿಗಿಂತ ಸೂಜಿಯ ಉಪಕಾರವೇ ಹೆಚ್ಚಿನದೆಂಬದನ್ನೂ ಹೇಳತಕ್ಕದ್ದು. ಗೋವೆಯಲ್ಲಿ 2013ರಿಂದ ನಡೆದ ಮಿಷನ್ ರೇಬೀಸ್ ಕಾರ್ಯದ ಮುಖ್ಯಾಂಗವು ಲಸಿಕೆ. 2021ರಲ್ಲಿ ಗೋವೆಯು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿತವಾದದ್ದು ಬಹುಮಟ್ಟಿಗೆ ಅದರ ಫಲ. ನಾಯಿ ಕಚ್ಚಿದವರು ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ ಕಾಲವನ್ನು ನೆನೆಯುವ ಹಿರಿಯರು ಇನ್ನೂ ಮನೆಮನೆಯಲ್ಲಿರುವಾಗ ಇದರ ಬೆಲೆಯನ್ನು ವಿವರಿಸಬೇಕಾದದ್ದಿಲ್ಲ.

ಇನ್ನು ಮೊದಲನೆಯ ಪ್ರಶ್ನೆ. ಕೊಪ್ಪಳದಂಥ ನೆಲದಲ್ಲಿ ಹಿಂಸೆ ಅಹಿಂಸೆಗಳ ವಿಚಾರವನ್ನು ಹೊರಗಿನಿಂದ ತರಬೇಕಾದ ಅವಶ್ಯವಿಲ್ಲ. ಇದು ಹಿಂದೆ ಕೊಪಣವೆಂದು ಹೆಸರಾದ ಜೈನ ಮಹಾತೀರ್ಥ. ಜೈನಶಾಸ್ತ್ರವು ಶ್ರಾವಕನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಪ್ರಾಣಿಯನ್ನು ಕಟ್ಟುವದು, ಹೊಡೆಯುವದು, ಅಂಗವನ್ನು ಛೇದಿಸುವದು, ಅತಿಭಾರವನ್ನು ಹೇರುವದು, ಅನ್ನಪಾನಗಳನ್ನು ತಡೆಯುವದು. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಆ ಆಸ್ಪತ್ರೆಯನ್ನು ಹೊಕ್ಕರೆ ಮೊದಲನೆಯ ನೋಟಕ್ಕೆ ದಿಗಿಲಾಗುವದು. ಬಲೆಯಿಂದ ಹಿಡಿದು ಪಂಜರದಲ್ಲಿಟ್ಟದ್ದು ಬಂಧ. ಗರ್ಭಕೋಶವನ್ನು ತೆಗೆದದ್ದು ಛೇದ. ಶಸ್ತ್ರಕ್ಕೆ ಮುನ್ನ ಹಸಿದಿರಿಸಿದ್ದು ಅನ್ನಪಾನನಿರೋಧ. ಐದರಲ್ಲಿ ಮೂರು! ಆದರೆ ಅದೇ ಶಾಸ್ತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಬರಿಯ ನೋವನ್ನು ಹಿಂಸೆಯೆನ್ನುವದಿಲ್ಲ. ಪ್ರಮಾದದಿಂದ, ಎಂದರೆ ರಾಗದ್ವೇಷಗಳಿಂದಲೋ ಎಚ್ಚರಗೇಡಿತನದಿಂದಲೋ ಪ್ರಾಣಕ್ಕೆ ತಂದ ಕೇಡನ್ನು ಹಿಂಸೆಯೆನ್ನುತ್ತದೆ. ವೈದ್ಯನು ಹುಣ್ಣನ್ನು ಕೊಯ್ಯುವದು ಹಿಂಸೆಯಲ್ಲ. ಕೊಯ್ದು ಕಟ್ಟದೆ ಎದ್ದುಹೋಗುವದು ಹಿಂಸೆ. ಈ ಭೇದವನ್ನು ಬಿಗಿಯಾಗಿ ಹಿಡಿದುಕೊಂಡರೆ ಮುಂದಿನ ದಾರಿಯು ಸ್ವಲ್ಪ ತಿಳಿಯಾಗುತ್ತದೆ.

ಆದರೆ ಹುಣ್ಣಿಗೂ ಗರ್ಭಕ್ಕೂ ಸಾಮ್ಯವೆಲ್ಲಿ ಎಂಬ ಆಕ್ಷೇಪವು ಕೂಡಲೆ ಏಳುತ್ತದೆ. ಹುಣ್ಣು ರೋಗ, ಗರ್ಭಕೋಶವು ರೋಗವಲ್ಲ, ಪ್ರಕೃತಿಯ ದಾನ. ಈ ಆಕ್ಷೇಪವು ಬಲವುಳ್ಳದ್ದು. ಅದನ್ನು ತಳ್ಳಿಹಾಕುವವರಲ್ಲಿ ಬಹುಜನರು ತಮ್ಮ ಹೋರಿಗಳ ಬೀಜ ಒಡೆಸಿ ನೇಗಿಲಿಗೆ ಕಟ್ಟಿದವರ ಮಕ್ಕಳು. ಅದನ್ನು ಎತ್ತಿ ಹಿಡಿಯುವವರೂ ಅವರೇ ಎಂಬದು ಸೋಜಿಗವು! ಸಾವಿರಾರು ವರುಷಗಳಿಂದ ಹೋರಿಯ ಸಂತಾನಶಕ್ತಿಯನ್ನು ಕಳೆದು ಅನ್ನವುಣ್ಣುತ್ತಿರುವ ನಾಡಿನಲ್ಲಿ, ನಾಯಿಗೆ ಅದೇ ಆದೊಡನೆ ಪಾಪದ ಮಾತು ಬರುವದೇಕೆ? 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆ ಕೂಡ ವಿಹಿತ ರೀತಿಯಲ್ಲಿ ಮಾಡಿದ ಬೀಜ ಒಡೆಯುವಿಕೆಯನ್ನು ಅಪರಾಧಗಳ ಲೆಕ್ಕದಿಂದ ಬಿಟ್ಟಿದೆ. ಎತ್ತಿನಿಂದ ಉಪಯೋಗವುಂಟು, ನಾಯಿಯಿಂದ ಉಪಯೋಗವಿಲ್ಲ ಎಂಬದೊಂದೇ ಈ ಭೇದದ ಮೂಲವಾಗಿದ್ದರೆ ಅದಕ್ಕೆ ಧರ್ಮವೆಂದು ಹೆಸರಿಡಬಾರದು.

ಈ ವಿಷಯದಲ್ಲಿ ಅತ್ಯಂತ ಹಳೆಯ ರಾಜಶಾಸನವು ಮೌರ್ಯ ಅಶೋಕನದು. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಇರುವ ಅವನ ಸಣ್ಣ ಶಾಸನಗಳಲ್ಲಿ ಈ ಮಾತಿಲ್ಲ. ಅದು ಉತ್ತರದೇಶದ ಸ್ತಂಭಗಳ ಐದನೆಯ ಶಾಸನದಲ್ಲಿದೆ. ಪಟ್ಟವೇರಿ ಇಪ್ಪತ್ತಾರು ವರುಷಗಳಾದ ಮೇಲೆ ಬರೆಯಿಸಿದ ಅದರಲ್ಲಿ ಅರಸನು ಕೊಲ್ಲಬಾರದ ಪ್ರಾಣಿಗಳನ್ನು ಹೆಸರಿಸುತ್ತಾನೆ; ಕೆಲವು ತಿಥಿಗಳಲ್ಲಿ ಎತ್ತು, ಹೋತ, ಟಗರು, ಹಂದಿಗಳ ಬೀಜವನ್ನು ತೆಗೆಯಬಾರದೆಂದು ವಿಧಿಸುತ್ತಾನೆ. ಪೂರ್ತಿಯಾಗಿ ನಿಲ್ಲಿಸಲಿಲ್ಲ, ದಿನಗಳನ್ನು ಕಟ್ಟಿದನು. ಒಕ್ಕಲುತನದ ದೇಶದಲ್ಲಿ ಅದನ್ನು ನಿಲ್ಲಿಸಲಾಗದೆಂದು ಬಲ್ಲ ಅರಸನು, ಮಾಡುವವನ ಕೈಯನ್ನು ಆಗಾಗ ತಡೆದು ‘ಮಾಡುವದೇನೆಂದು ಬಲ್ಲೆಯಾ’ ಎಂದು ಕೇಳಿದಂತಿದೆ ಆ ವಿಧಿ. ಅದೇ ಶಾಸನದಲ್ಲಿ ಇನ್ನೊಂದು ಮಾತುಂಟು: ಗಬ್ಬವಾದ ಇಲ್ಲವೆ ಮೊಲೆಯೂಡುತ್ತಿರುವ ಆಡು, ಕುರಿ, ಹಂದಿಗಳನ್ನು ಕೊಲ್ಲಬಾರದು. ಈಗಿನ ಆಸ್ಪತ್ರೆಗೆ ಇದು ಬಹಳ ಹತ್ತಿರದ ಮಾತು. ಲೆಕ್ಕದ ಸಂಖ್ಯೆಯನ್ನು ತುಂಬಿಸುವ ಅವಸರದಲ್ಲಿ ಮೊಲೆಯಲ್ಲಿ ಹಾಲಿರುವ ತಾಯಿಯನ್ನು ಹಿಡಿದು ತಂದರೆ, ಅತ್ತ ಗೋಡೆಯ ಸಂದಿಯಲ್ಲಿ ಕಣ್ಣು ತೆರೆಯದ ಮರಿಗಳು ಸಾಯುತ್ತವೆ. ಹೊಟ್ಟೆಯನ್ನು ತಡವಿ, ಮೊಲೆಯನ್ನು ನೋಡಿ, ಹಾಲಿದ್ದರೆ ಆ ದಿನವೇ ಮರಳಿ ಬಿಡತಕ್ಕದ್ದು. ಅದಕ್ಕೆ ಪದವಿ ಬೇಡ, ಕಣ್ಣು ಬೇಕು.

ಇನ್ನು ಪ್ರಕೃತಿಯ ದಾನವೆಂಬ ಮಾತು. ಪ್ರಕೃತಿಯು ಕೊಟ್ಟದ್ದನ್ನು ಬೀದಿಯು ಏನು ಮಾಡುತ್ತದೆ? ಪಶ್ಚಿಮ ಬಂಗಾಳದಲ್ಲಿ ಬೀದಿನಾಯಿಗಳ 95 ಸೂಲುಗಳಿಂದ ಹುಟ್ಟಿದ 364 ಮರಿಗಳನ್ನು ಶಾಸ್ತ್ರಜ್ಞರು ಹಿಂಬಾಲಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಅವರ ಎಣಿಕೆಯಂತೆ, ತಾನೇ ಮರಿಹಾಕುವ ವಯಸ್ಸನ್ನು ಮುಟ್ಟಿದವು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಒಂದಿಲ್ಲೊಂದು ಬಗೆಯಿಂದ ಮನುಷ್ಯರ ದೆಸೆಯಿಂದಲೇ ಸತ್ತವು. ಎರಡು ತಿಂಗಳು ಹೊತ್ತು, ಐದು ಮರಿಗಳನ್ನು ಹೆತ್ತು, ನಾಲ್ಕನ್ನು ಚಕ್ರದ ಕೆಳಗೂ ಮಳೆಯಲ್ಲೂ ಕಳೆದುಕೊಂಡು, ಮತ್ತೆ ಹೊರುವ ಆ ತಾಯಿಗೆ ಸಂತಾನವೆಂಬದು ಭಾಗ್ಯವೇ ಎಂದು ನಿಶ್ಚಯವಾಗಿ ಹೇಳತಕ್ಕವರು ಯಾರು? ಆಕೆಯನ್ನು ಕೇಳುವಂತಿಲ್ಲ. ಕೇಳಲಾಗದೆಂಬದೇ ಈ ಪ್ರಶ್ನೆಯ ತಿರುಳು. ಮೂಕಪ್ರಾಣಿಯ ಪರವಾಗಿ ‘ಬೇಡ’ ಎನ್ನುವವರೂ ‘ಬೇಕು’ ಎನ್ನುವವರೂ ಅದರ ಬಾಯಿಂದಲ್ಲ, ತಮ್ಮ ಬಾಯಿಂದಲೇ ಆಡುತ್ತಿದ್ದಾರೆ. ಇದರಲ್ಲಿ ಮನುಷ್ಯನ ಸ್ವಾರ್ಥವೂ ಬೆರೆತಿರುವದನ್ನು ಮುಚ್ಚಿಡತಕ್ಕದ್ದಲ್ಲ. ರಾತ್ರಿ ಬೊಗಳದ, ಮಕ್ಕಳನ್ನು ಕಚ್ಚದ, ರೋಗವನ್ನು ತರದ ಬೀದಿಯು ಮನುಷ್ಯನಿಗೆ ಬೇಕಾಗಿದೆ. ಆ ಸ್ವಾರ್ಥವೂ ತಪ್ಪಲ್ಲ. ಹಸುಳೆಯನ್ನು ನಾಯಿಗಳು ಎಳೆದಾಡಿದ ಮನೆಯಲ್ಲಿ ಕುಳಿತು ಪ್ರಾಣಿದಯೆಯ ಪ್ರವಚನ ಮಾಡುವದು ಯಾರಿಗೂ ಸಾಧ್ಯವಾಗದು. 2025ರ ಆಗಸ್ಟ್ 11ರಂದು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದು ಸುಪ್ರೀಂ ಕೋರ್ಟು ಆಜ್ಞಾಪಿಸಿದ್ದೂ, 22ರಂದು ಬೇರೊಂದು ಪೀಠವು ಅದನ್ನು ಮಾರ್ಪಡಿಸಿ, ಹುಚ್ಚು ಹಿಡಿದವನ್ನೂ ಮೇಲೆ ಬೀಳುವವನ್ನೂ ಬಿಟ್ಟು ಉಳಿದವನ್ನು ಚಿಕಿತ್ಸೆಯ ತರುವಾಯ ಅಲ್ಲಿಗೇ ಬಿಡಬೇಕೆಂದದ್ದೂ, ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ಸುನಿಲ್ದಾಣಗಳಂಥ ಸ್ಥಳಗಳಿಂದ ಹಿಡಿದವನ್ನು ಅಲ್ಲಿ ಮರಳಿ ಬಿಡಬಾರದೆಂದದ್ದೂ ಈ ಎರಡು ಭಯಗಳ ನಡುವಣ ತುಯ್ದಾಟವೇ. ನ್ಯಾಯಾಧೀಶರಿಗೂ ಸುಲಭವಾಗಿ ಬಗೆಹರಿಯದ ಪ್ರಶ್ನೆಯಿದು.

ಹೀಗೆ ನೋಡಿದರೆ ಶಸ್ತ್ರವು ಸ್ವತಃ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದಕ್ಕಿಂತ ಕೆಟ್ಟದ್ದಾದ ವಿಷದ ಉಂಡೆ, ಬಡಿಗೆಯ ಪೆಟ್ಟು, ಹಸಿವೆಯ ಸಾವು ಇವುಗಳನ್ನು ತಪ್ಪಿಸುವ ಮಟ್ಟಿಗೆ ಅದು ಒಪ್ಪತಕ್ಕದ್ದು. ಎಚ್ಚರದಿಂದ ಮಾಡಿದ ಮಟ್ಟಿಗೆ ಅಹಿಂಸೆ. ಆದಕಾರಣ ಅದನ್ನು ಮಾಡುವವರಾರು, ಹೇಗೆ ಮಾಡುತ್ತಾರೆ ಎಂಬ ಎರಡನೆಯ ಪ್ರಶ್ನೆಗೆ ಬರಲೇಬೇಕಾಗುತ್ತದೆ.

ಪರದೇಶಕ್ಕೆ ಹೋಗಿ ಪಶುಗಳಿಗೆ ಚಿಕಿತ್ಸೆಮಾಡುವ ಆಲೋಚನೆಯು ಈ ದೇಶದಿಂದಲೇ ಮೊದಲು ಹೊರಗೆ ಹೋದದ್ದೆಂದರೆ ಅತಿಶಯೋಕ್ತಿಯಾಗದು. ಅಶೋಕನ ಎರಡನೆಯ ಮಹಾಶಿಲಾಶಾಸನವು ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆ ಎಂಬ ಎರಡನ್ನೂ ತನ್ನ ರಾಜ್ಯದಲ್ಲಿ ಮಾತ್ರವಲ್ಲದೆ ಚೋಳ ಪಾಂಡ್ಯರಲ್ಲಿಯೂ, ತಾಮ್ರಪರ್ಣಿಯ ವರೆಗೂ, ಯವನರಾಜನಾದ ಅಂತಿಯೋಕನ ದೇಶದಲ್ಲಿಯೂ ಏರ್ಪಡಿಸಿದುದನ್ನು ಹೇಳುತ್ತದೆ. ಮೂಲಿಕೆಗಳಿಲ್ಲದ ಕಡೆಗೆ ಅವನ್ನು ಕಳಿಸಿ ನೆಡಿಸಿದುದನ್ನೂ ಹೇಳುತ್ತದೆ. ನೆಡಿಸಿದ್ದು ಎಂಬ ಮಾತನ್ನು ಗಮನಿಸತಕ್ಕದ್ದು. ಔಷಧವನ್ನು ಕೊಟ್ಟು ಬಂದದ್ದಲ್ಲ, ಬೇರೂರಿಸಿ ಬಂದದ್ದು. ಈಗ ಯವನರ ಮಕ್ಕಳು ಇತ್ತ ಬರುತ್ತಿದ್ದರೆ ಹಳೆಯ ಸಾಲದ ಬಡ್ಡಿ ಬಂದಂತೆ ಎಂದು ನಕ್ಕು ಸ್ವಾಗತಿಸಬಹುದು. ಆದರೆ ಬೇರೂರಿತೋ ಇಲ್ಲವೋ ಎಂಬದನ್ನು ಮಾತ್ರ ಕೇಳಲೇಬೇಕು.

ಬೇರೂರಿದವರ ಉದಾಹರಣೆಯೂ ಉಂಟು. ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಮಹಿಳೆಯು 1959ರಲ್ಲಿ ಈ ದೇಶಕ್ಕೆ ಬಂದವರು ಇಲ್ಲಿಯೇ ನಿಂತರು, 1980ರಲ್ಲಿ ಜಯಪುರದ ಹೆಲ್ಪ್ ಇನ್ ಸಫರಿಂಗ್ ಸಂಸ್ಥೆಯನ್ನೂ, 1991ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಕ್ಯೂಪಾ ಎಂಬ ಸಂಸ್ಥೆಯನ್ನೂ ಹುಟ್ಟುಹಾಕಿದರು, 1996ರಲ್ಲಿ ತೀರಿಕೊಂಡರು. ಮೇಲೆ ಹೇಳಿದ ಜಯಪುರದ ಎಂಟು ವರುಷಗಳ ಕಾರ್ಯವು ಅವರು ನೆಟ್ಟ ಸಂಸ್ಥೆಯದೇ. ಇಂಥವರನ್ನು ಪರದೇಶದವರೆಂದು ಕರೆಯುವದು ಭೂಗೋಳದ ಮಾತು ಮಾತ್ರ.

ಎಲ್ಲರೂ ಹಾಗೆ ನಿಲ್ಲಲಾರರು, ನಿಲ್ಲಬೇಕೆಂದು ಬಯಸುವದೂ ಸರಿಯಲ್ಲ. ಎರಡು ವಾರಕ್ಕೆ ಬಂದವನ ಸೇವೆಯ ಬೆಲೆಯೇನೆಂಬದೇ ನಿಜವಾದ ತೊಡಕು. ಪ್ರತ್ಯುಪಕಾರಮಾಡಲಾರದವನಿಗೆ ಕೊಟ್ಟದ್ದನ್ನು ಗೀತೆಯು ಸಾತ್ತ್ವಿಕ ದಾನವೆನ್ನುತ್ತದೆ. ನಾಯಿಯು ಪ್ರತ್ಯುಪಕಾರಮಾಡಲಾರದೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಪಶುವೈದ್ಯದ ವಿದ್ಯಾರ್ಥಿಯ ಮಟ್ಟಿಗೆ ಇದು ನಿಜವಲ್ಲ. ಅವನ ದೇಶದಲ್ಲಿ ಒಡೆಯನಿಲ್ಲದ ನಾಯಿಗಳು ವಿರಳ. ಒಡೆಯನುಳ್ಳ ನಾಯಿಯ ಮೇಲೆ ಹೊಸಗೈಯನ್ನು ಪಳಗಿಸಲು ಒಡೆಯನು ಸುಲಭವಾಗಿ ಒಪ್ಪುವದಿಲ್ಲ. ಇಲ್ಲಿಯ ಬೀದಿಯ ನಾಯಿಯು ಅವನಿಗೆ ಕೈಗುಣವನ್ನು ಕೊಡುತ್ತದೆ. ಆಗ ದಾನಿ ಯಾರು, ಪ್ರತಿಗ್ರಾಹಿ ಯಾರು? ವಿದ್ಯೆಯನ್ನು ಕೊಟ್ಟದ್ದು ಗುರುವಾದರೆ ಆ ಮೇಜಿನ ಮೇಲೆ ಮತ್ತಿನಲ್ಲಿ ಮಲಗಿರುವ ಹೆಣ್ಣುನಾಯಿಯೇ ಗುರು. ಇದು ಹಾಸ್ಯವಲ್ಲ. ಅನುಭವಿಯಾದ ವೈದ್ಯನು ಬದಿಯಲ್ಲಿ ನಿಂತು ಪ್ರತಿಯೊಂದು ಗಂಟನ್ನೂ ನೋಡುತ್ತಿದ್ದರೆ ಆ ಗುರುವಿಗೆ ಅಪಚಾರವಾಗುವದಿಲ್ಲ. ಹಾಗಲ್ಲದೆ, ಹಿಂದುಳಿದ ದೇಶದ ಅನಾಥಪ್ರಾಣಿಯೆಂಬ ಸದರದಿಂದ, ತನ್ನ ಊರಲ್ಲಿ ಎಂದೂ ಮಾಡಗೊಡದ ಪ್ರಯೋಗವನ್ನು ಇಲ್ಲಿ ಮಾಡಿದರೆ ಅದು ಸೇವೆಯ ವೇಷದ ಚೌರ್ಯ. ಕಾಲಿಗೆ ಕಟ್ಟು ಹಾಕಿದ ಮರಿಯನ್ನು ಎದೆಗವಚಿಕೊಂಡ ಭಾವಚಿತ್ರಗಳ ವಿಷಯದಲ್ಲಿ ಹೆಚ್ಚು ಹೇಳುವದು ಬೇಡ. ತೀರ್ಥಯಾತ್ರೆಯಿಂದ ಗಂಗೆಯ ತಂಬಿಗೆ ತರುವದು ಎಲ್ಲ ದೇಶಗಳಲ್ಲಿಯೂ ಇದ್ದದ್ದೇ.

ಸ್ವಯಂಸೇವಕನ ಬೆಲೆಯು ಕತ್ತರಿ ಹಿಡಿದ ಗಳಿಗೆಯಲ್ಲಿ ತಿಳಿಯುವದಿಲ್ಲ, ಅದರ ಬಳಿಕ ತಿಳಿಯುತ್ತದೆ. ಮತ್ತಿನಲ್ಲಿರುವ ನಾಯಿಯ ಮೈ ತಣ್ಣಗಾಗುತ್ತದೆ. ಯಾರಾದರೂ ಕಂಬಳಿ ಹೊದಿಸಿ, ನಾಲಗೆಯು ಉಸಿರಿಗೆ ಅಡ್ಡವಾಗದಂತೆ ನೋಡಿಕೊಂಡು, ಅದು ತಲೆಯೆತ್ತುವವರೆಗೆ ಕುಳಿತಿರಬೇಕು. ಮಾರನೆಯ ದಿನ ಪಂಜರ ತೊಳೆಯಬೇಕು. ಮೂರನೆಯ ದಿನ ಹೊಲಿಗೆಯು ಕೆಂಪಾಗಿದೆಯೇ, ಬಾತಿದೆಯೇ ಎಂದು ಬಗ್ಗಿ ನೋಡಬೇಕು. ವೈದ್ಯವನ್ನರಿಯದೆ ಬಂದು ಪೊರಕೆ ಹಿಡಿದ ತರುಣಿಯು ಈ ದೃಷ್ಟಿಯಿಂದ, ದಿನಕ್ಕೆ ಇಷ್ಟು ಶಸ್ತ್ರಗಳನ್ನು ಮುಗಿಸಿದೆನೆಂದು ಎಣಿಸಿಕೊಳ್ಳುವ ವೈದ್ಯನಿಗಿಂತ ಒಂದು ಮೆಟ್ಟಲು ಮೇಲೆಯೇ ನಿಂತಾಳು. ಪ್ರಮಾದವೆಂದು ಜೈನರು ಹೇಳಿದ್ದು ಇಲ್ಲಿ ಕಣ್ಣಿಗೆ ಕಾಣುವಂತಿದೆ. ಶಸ್ತ್ರದ ಸಂಖ್ಯೆಯು ವರದಿಯಲ್ಲಿ ಬರುತ್ತದೆ. ಮೂರನೆಯ ದಿನದ ಹೊಲಿಗೆಯು ವರದಿಯಲ್ಲಿ ಬರುವದಿಲ್ಲ.

ಆದರೆ ನಾಯಿಯು ಓಣಿಗೆ ಮರಳಿದ ಮೇಲೆ? ಅಲ್ಲಿ ಆಸ್ಪತ್ರೆಯವರೂ ಇಲ್ಲ, ಸಮುದ್ರ ದಾಟಿ ಬಂದವರೂ ಇಲ್ಲ. ಅಲ್ಲಿರುವವರು ಮನೆಯವರು. ಶಾಸ್ತ್ರವನ್ನು ಓದಿದ ಮನೆಗಳಲ್ಲಿ ನಾಯಿಯ ಮಾತು ಬಂದರೆ ಮಹಾಪ್ರಸ್ಥಾನದಲ್ಲಿ ಧರ್ಮರಾಜನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಹೋಗಲೊಲ್ಲೆನೆಂದ ಕಥೆಯು ತಪ್ಪದೆ ಬರುತ್ತದೆ. ಉತ್ತಮವಾದ ಕಥೆಯೇ, ಆದರೆ ಆ ನಾಯಿಯು ಕೊನೆಗೆ ಯಮಧರ್ಮನೇ ಆಗಿಬಿಡುವದರಿಂದ ಕೇಳುವವರಿಗೆ ಒಂದು ಸಮಾಧಾನವು ಸಿಕ್ಕಿಬಿಡುತ್ತದೆ. ಮಹಾಭಾರತದ ಆ ಕೊನೆಗಿಂತ ಅದರ ಮೊದಲಿನ ಕಥೆಯು ಪ್ರಕೃತಕ್ಕೆ ಹೆಚ್ಚು ಹೊಂದುತ್ತದೆ. ಕುರುಕ್ಷೇತ್ರದಲ್ಲಿ ಜನಮ ೇಜಯನ ಸತ್ರವು ನಡೆದಿರುವಾಗ ಸರಮೆಯ ಮಗನಾದ ನಾಯಿಮರಿಯು ಅಲ್ಲಿಗೆ ಬಂತು. ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆಗೆ ನೋಡಲೂ ಇಲ್ಲ. ಆದರೂ ಅರಸನ ತಮ್ಮಂದಿರು ಅದನ್ನು ಹೊಡೆದರು. ಸರಮೆಯು ಬಂದು, ತಪ್ಪುಮಾಡದ ತನ್ನ ಮಗನನ್ನು ಏಕೆ ಹೊಡೆದಿರೆಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಕಾಣದ ಭಯವೊಂದು ನಿಮ್ಮನ್ನು ಬಂದು ಹೊಗಲೆಂದು ಶಪಿಸಿ ಹೊರಟುಹೋದಳು. ಆ ಶಾಪವು ಹೊಡೆತಕ್ಕೆ ಬಂದದ್ದೋ, ಉತ್ತರವಿಲ್ಲದ್ದಕ್ಕೆ ಬಂದದ್ದೋ ಎಂದು ವಿಚಾರಿಸತಕ್ಕದ್ದು. ಹುಚ್ಚುನಾಯಿಯ ಭಯಕ್ಕಿಂತ ಕಾಣದ ಭಯವು ಬೇರೆ ಯಾವುದಿದೆ?

ವೈಶ್ವದೇವದಲ್ಲಿ ನಾಯಿಗೆ ಒಂದು ತುತ್ತನ್ನು ನೆಲದ ಮೇಲಿಡುವ ವಿಧಿಯು ಗೃಹಸ್ಥನಿಗುಂಟು. ಪಾಣಿನಿಯೂ ನಾಯಿಯನ್ನು, ತರುಣನನ್ನು, ಇಂದ್ರನನ್ನು ಒಂದೇ ಸೂತ್ರದಲ್ಲಿ ಒಂದೇ ವ್ಯಾಕರಣಕಾರ್ಯಕ್ಕೆ ಗುರಿಮಾಡಿದನೆಂದು ಪಾಠಶಾಲೆಯ ಹುಡುಗರು ನಗುವದುಂಟು. ಶಬ್ದಶಾಸ್ತ್ರವು ಕೊಟ್ಟ ಸಮಾನತೆಯನ್ನು ಓಣಿಯು ಕೊಡಲಿಲ್ಲ. ಚಾಲುಕ್ಯರ ಕಾಲದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವನ್ನು ಬರೆದನು. ಅದೇ ಮನೆತನದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ನಾಯಿಗಳಿಗೂ ಎಡೆಗೊಟ್ಟನು, ಆದರೆ ಅದು ಅರಸರ ಬೇಟೆಯ ವಿನೋದಕ್ಕಾಗಿ. ಹಾಲು ಕರೆಯದ, ಬೇಟೆಯಾಡದ, ಬರಿಯ ಬಾಗಿಲಲ್ಲಿ ಬಿದ್ದಿರುವ ನಾಯಿಯನ್ನು ಈ ನಾಡಿನವರು ಪ್ರೀತಿಸಲಿಲ್ಲವೆಂದಲ್ಲ. ತುತ್ತು ಕೊಟ್ಟರು, ತುತ್ತಿನ ಆಚೆಯ ಹೊಣೆಯನ್ನು ಹೊರಲಿಲ್ಲ.

ಯಲಬುರ್ಗಾ ತಾಲೂಕಿನ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಮಗನೂ ಸೊಸೆಯೂ ವರುಷವರುಷವೂ ಗೋವೆಗೆ ಗುಳೆ ಹೋಗತಕ್ಕವರು, ಅವರ ಮಗಳು ಜಾಣೆ, ಬೀದರದಲ್ಲಿ ಪಶುವೈದ್ಯವನ್ನು ಓದುತ್ತಾಳೆ, ಮನೆಯಲ್ಲುಳಿಯುವವಳು ಅಜ್ಜಿ. ಬಾಗಿಲಲ್ಲಿ ಒಂದು ಕಂದುಬಣ್ಣದ ಹೆಣ್ಣುನಾಯಿ. ರಜೆಗೆ ಬಂದ ಮೊಮ್ಮಗಳು, ಗೋವೆಯ ಶಿಬಿರಕ್ಕೆ ಹೋಗಿ ಪರದೇಶದವರೊಡನೆ ಎರಡು ವಾರ ನಾಯಿಗಳ ಶಸ್ತ್ರಚಿಕಿತ್ಸೆಯನ್ನು ಕಲಿಯಬೇಕೆಂದಿರುವದಾಗಿ ಹೇಳುತ್ತಾಳೆ. ಅಜ್ಜಿಗೆ ಮೊದಲು ನಗು, ಬಳಿಕ ಸಿಟ್ಟು.

“ಹೊಟ್ಟಿ ಕೊಯ್ದು ಬಸಿರು ಕೀಳೂದು ಒಂದು ವಿದ್ಯಾ ಏನ ಯವ್ವಾ? ಹೆಣ್ಣುಜೀವದ ಬಾಣಂತನ ತಪ್ಪಿಸಿದ ಪಾಪ ಎಲ್ಲಿ ಇಡಾಕಿ?”

“ಹ್ವಾದ ಸಲ ಇದು ಆರು ಮರಿ ಹಾಕಿತ್ತಲ್ಲ ಅಮ್ಮಾ, ಎಷ್ಟು ಉಳದ್ವು?”

ಅಜ್ಜಿಯು ಲೆಕ್ಕವನ್ನು ಬಲ್ಲಳು. ಎರಡನ್ನು ಟ್ರ್ಯಾಕ್ಟರು ಕೊಂದಿತು, ಒಂದು ಮಳೆಯಲ್ಲಿ ನೆನೆದು ಸತ್ತಿತು, ಎರಡು ಎತ್ತ ಹೋದವೋ ತಿಳಿಯದು. ಉಳಿದೊಂದನ್ನು ಕುರಿಹಟ್ಟಿಯವರು ಒಯ್ದರು. ಸತ್ತವನ್ನು ತಿಪ್ಪೆಯ ಆಚೆಗೆ ಹೂಳಿದವಳೂ ಅವಳೇ. ಬಹಳ ಹೊತ್ತಿನ ಮೇಲೆ ಅವಳು ಕೇಳುವ ಪ್ರಶ್ನೆಯು ಶಾಸ್ತ್ರಿಗಳೂ ಸಂಸ್ಥೆಗಳೂ ಕೇಳದ ಪ್ರಶ್ನೆ.

“ಆತು, ಕೊಯ್ರಿ. ಕೊಯ್ದ ಮ್ಯಾಲ ನೋಡಾವರು ಯಾರು? ಗೋವಾದ ನಾಯಿಗೆ ನೀ ಹೋಗ್ತಿ, ದೊರಿಗಳ ಮಕ್ಕಳು ಬರ್ತಾರ. ಈ ನಾಯಿಗೆ ಯಾರು ಅದಾರ?”

ಮೊಮ್ಮಗಳಿಗೆ ಆ ಗಳಿಗೆಗೆ ಉತ್ತರ ಹೊಳೆಯದಿದ್ದರೆ ಅದು ಅವಳ ತಪ್ಪಲ್ಲ. ಗೋವೆಗೆ ಹೋಗಬೇಡವೆಂಬದು ಆ ಪ್ರಶ್ನೆಯ ಅರ್ಥವೂ ಅಲ್ಲ. ಕೈ ಪಳಗಬೇಕಾದರೆ ಪಳಗಿದವರಿರುವಲ್ಲಿಗೆ ಹೋಗಲೇಬೇಕು. ಹಿಂದಿನವರು ತರ್ಕಕ್ಕೆಂದು ಕಾಶಿಗೆ ಹೋದರು. ಆದರೆ ಕಾಶಿಯಿಂದ ಬಂದವನು ಊರಲ್ಲಿ ಪಾಠ ಹೇಳಿದರೆ ಮಾತ್ರ ಊರಿಗೆ ಕಾಶಿಯ ಪ್ರಯೋಜನ. ಗವಿಮಠದ ಬಂಡೆಯ ಶಾಸನವು, ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಅದನ್ನು ಪಡೆಯಬಲ್ಲನೆಂಬ ಅಭಿಪ್ರಾಯವನ್ನು ಹೇಳುತ್ತದೆ. ಗಡಿಯಾಚೆಯವರೂ ಇದನ್ನು ತಿಳಿಯಲೆಂದು ಕೋರುತ್ತದೆ. ಗಡಿಯಾಚೆಯವರು ತಿಳಿದಂತಿದೆ. ಬಂಡೆಯ ಕೆಳಗಿನ ಪೇಟೆಯವರಿಗೆ ಮಾಡತಕ್ಕದ್ದು ಇನ್ನೂ ಬಹಳವುಂಟು. ಆನೆಗುಂದಿಯ ಹೊಳೆದಂಡೆಯಲ್ಲಿ ಪ್ರವಾಸಿಗಳು ಬಿಸ್ಕೀಟು ಹಾಕಿ ಹೋದ ನಾಯಿಗಳು, ಪ್ರವಾಸಿಗಳಿಲ್ಲದ ಬೇಸಗೆಯಲ್ಲಿ ಯಾರ ಮುಖವನ್ನು ನೋಡಬೇಕೆಂಬದನ್ನು ಗಂಗಾವತಿಯ ವಾಚಕರು ಒಮ್ಮೆ ಹೋಗಿ ಕಂಡು ಬಂದರೆ ಸಾಕು. ಬೇರೆ ವಿವರಣೆ ಬೇಡ.

ಆ ಮನೆಯ ಕಥೆಯನ್ನು ಮುಂದುವರಿಸುವದಾದರೆ, ಮೊಮ್ಮಗಳು ಗೋವೆಗೆ ಹೋಗುತ್ತಾಳೆ, ಹಿಂದಿರುಗಿ ಬರುತ್ತಾಳೆ, ತಾಲೂಕಿನ ಪಶುವೈದ್ಯರನ್ನು ಒಪ್ಪಿಸುತ್ತಾಳೆ, ಕಂದುನಾಯಿಗೆ ಶಸ್ತ್ರಚಿಕಿತ್ಸೆಯಾಗುತ್ತದೆ. ಐದು ರಾತ್ರಿ ಅಜ್ಜಿಯು ಅದನ್ನು ಪಡಸಾಲೆಯ ಕಂಬಕ್ಕೆ ಕಟ್ಟಿಕೊಂಡು, ಹೊಲಿಗೆಯನ್ನು ನೆಕ್ಕದಂತೆ ಎಚ್ಚತ್ತಾಗಲೆಲ್ಲ ಗದರಿಸುತ್ತಾಳೆ. ಸುಗ್ಗಿ ತೀರಿ ಮಗನೂ ಸೊಸೆಯೂ ಗುಳೆಗೆ ಗಂಟು ಕಟ್ಟುತ್ತಾರೆ. ಈ ಸಲ ಅಜ್ಜಿಯೂ ಕಣ್ಣಿನ ಆಪರೇಶನ್ನಿಗಾಗಿ ಎರಡು ತಿಂಗಳು ಮಗಳ ಮನೆಗೆ ಹೋಗತಕ್ಕವಳು. ಸೊಸೆಯು ಬೀಗದ ಕೈಯನ್ನು ಪಕ್ಕದ ಮನೆಯವಳಿಗೆ ಕೊಟ್ಟು, ತುಳಸಿಗೆ ನೀರು ಹಾಕೆಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಅವಸರಪಡುತ್ತಿದ್ದಾಳೆ.

ಅಜ್ಜಿಯು ಮರಳಿ ಒಳಕ್ಕೆ ಹೋಗಿ, ಬುಟ್ಟಿಯಲ್ಲಿ ಜೋಳವನ್ನು ತಂದು, ಪಕ್ಕದ ಮನೆಯವಳ ಉಡಿಯಲ್ಲಿ ಸೇರಿನಿಂದ ಒಂದು, ಎರಡು, ಮೂರು ಎಂದು ಅಳೆದು ಹಾಕುತ್ತಾಳೆ.

“ಇದು ನಿನಗಲ್ಲ,” ಎನ್ನುತ್ತಾಳೆ.